26ನೇ ನಂಬರಿನ ಮ್ಯಾಂಡೊಲಿನ್

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಹತ್ತರ ನಂತರ ಕೀಬೋರ್ಡ್ ನುಡಿಸುವುದೆಂದರೆ ಹೆಡ್‌ಫೋನ್ ಹಾಕಿಕೊಂಡೇ ನುಡಿಸಬೇಕು. ಗೋಡೆಯಾಚೆ ಮಲಗಿರುವವರು ನಸುಕಿನ ಲೋಕಲ್ ಹಿಡಿಯಬೇಕಾದವರು. ಹಾಗಾಗಿ ಕಳೆದ ವರ್ಷ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹತ್ತು ದಿನ ಉಳಿದಿದ್ದಾಗ, ಹುಬ್ಬಳ್ಳಿಯ ಗೆಳೆಯ ಕಳುಹಿಸಿದ ಮಿಡಿ ಫೈಲನ್ನು (ಕೀಬೋರ್ಡು ತಾನೇ ಓದಿ ನುಡಿಸುವ ಹಾಡಿನ ಕಡತ) ನನ್ನ ವರ್ಕ್‌ಸ್ಟೇಶನ್ನಿಗೆ, ಅಂದರೆ ಹಾಡನ್ನು ತುಂಬಿಸಿ ತಿದ್ದಬಲ್ಲ ದೊಡ್ಡ ಕೀಬೋರ್ಡಿಗೆ, ಹಾಕಿ ಪ್ಲೇ ಒತ್ತಿದ ಕ್ಷಣದಲ್ಲಿ ಎದ್ದ ಗಲಾಟೆಯನ್ನು ಕೇಳಿದವನು ನಾನೊಬ್ಬನೇ. ಢೋಲಕ್ ಬರಬೇಕಾದಲ್ಲಿ ಹಠಮಾರಿ ಮಗುವೊಂದು ಪಿಯಾನೊದ ಮೇಲೆ ಅಂಗೈ ಬಡಿಯುತ್ತಿರುವಂತಿತ್ತು. ಕೊಳಲಿನ ಜಾಗದಲ್ಲಿ ಹಿತ್ತಾಳೆಯ ತುತ್ತೂರಿ ಕುಳಿತಿತ್ತು. ಬೇಸ್ ಗಿಟಾರಿನ ಬದಲು ದೇವಸ್ಥಾನದ ಗಂಟೆಯಂಥದ್ದೇನೋ ಕೆಳಸ್ಥಾಯಿಯಲ್ಲಿ ಮೊಳಗುತ್ತಿತ್ತು. ಆ ಹಾಡಿಗೆ ಜೀವ ಕೊಡಬೇಕಾಗಿದ್ದ ಮ್ಯಾಂಡೊಲಿನ್ ಅಂತೂ ಇರಲೇ ಇಲ್ಲ.

ಗೆಳೆಯ ಈ ಫೈಲನ್ನು ತೊಂಬತ್ತರ ದಶಕದ ಕೊನೆಯಲ್ಲಿ ರೋಲಂಡ್ ಕಂಪನಿಯ ಸೌಂಡ್ ಕ್ಯಾನ್ವಾಸ್ ಎಂಬ, ವಾದ್ಯಗಳ ಧ್ವನಿ ಹುಟ್ಟಿಸುವ ಪುಟ್ಟ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿಕೊಂಡು, ಒಂದೊಂದು ವಾದ್ಯವನ್ನೂ ತಾನೇ ನುಡಿಸಿ ತುಂಬಿದ್ದ. ಗಾತ್ರ ಕೇವಲ 38 ಕೆಬಿ. ನನ್ನ ವರ್ಕ್‌ಸ್ಟೇಶನ್ ಬೇರೆ ಕಂಪನಿಯದು, ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. ಅದರ ಫ್ಲಾಪಿ ಡ್ರೈವ್ ಸತ್ತುಹೋದ ಮೇಲೆ ಲ್ಯಾಮಿಂಗ್ಟನ್ ರೋಡಿನಿಂದ ಒಂದು ಡಬ್ಬಿ ತಂದು ಅದೇ ಕಿಂಡಿಯಲ್ಲಿ ಕೂರಿಸಿದ್ದೇನೆ. ಪೆನ್‌ಡ್ರೈವನ್ನು 1.44 ಎಂಬಿಯ ಹತ್ತಾರು ತುಂಡುಗಳಾಗಿ ಹಂಚಿ, ಒಂದೊಂದು ತುಂಡನ್ನೂ ಫ್ಲಾಪಿ ಎಂದು ಯಂತ್ರಕ್ಕೆ ನಂಬಿಸುವುದು ಅದರ ಕೆಲಸ. ಇಂಥ ಒಂದು ಸುಳ್ಳು ಫ್ಲಾಪಿಯಲ್ಲಿ ಮೂವತ್ತಕ್ಕೂ ಹೆಚ್ಚು ಹಾಡುಗಳು ಹಿಡಿಸುತ್ತವೆ. ಆದರೆ ಉದ್ದನೆಯ ಹೆಸರುಗಳು ಹಿಡಿಸುವುದಿಲ್ಲ: ಮೊದಲ ಆರು ಅಕ್ಷರ, ಒಂದು ಅಲೆಗೆರೆ, ಒಂದು ಅಂಕಿ, ಅಷ್ಟೇ. ಒಂದೇ ಪದದಿಂದ ಶುರುವಾಗುವ ನಾಲ್ಕು ಹಾಡುಗಳಿದ್ದರೆ ಪರದೆಯ ಮೇಲೆ ನಾಲ್ಕೂ ಅವಳಿಜವಳಿಗಳಂತೆ ಕಾಣುತ್ತವೆ. ಅಂದಿನಿಂದ ನಾನು ಫೈಲುಗಳಿಗೆ ನಂಬರು ಕೊಟ್ಟು, ಹಾಡಿನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಗೆಳೆಯನ ಮನೆಯಲ್ಲಿ ಸರಿಯಾಗಿ ನುಡಿದದ್ದು ನನ್ನಲ್ಲಿ ಯಾಕೆ ಕೆಟ್ಟಿತು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಮಿಡಿ ಫೈಲಿನಲ್ಲಿ ಧ್ವನಿ ಎಂಬುದು ಇರುವುದೇ ಇಲ್ಲ. ಐದನೇ ಚಾನೆಲಿನಲ್ಲಿ (ವಾದ್ಯಕ್ಕೊಂದರಂತೆ ಇರುವ ದಾರಿ) ಇಂಥ ಮನೆಯನ್ನು, ಅಂದರೆ ಕೀಲಿಯನ್ನು, ಇಷ್ಟು ಜೋರಾಗಿ ಒತ್ತು, ಇಷ್ಟು ಹೊತ್ತಿಗೆ ಬಿಡು ಎಂಬ ಅಪ್ಪಣೆಗಳಷ್ಟೇ ಅದರಲ್ಲಿರುತ್ತವೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರ ಕೈಗೆ ಕೊಡುವ ಪಟ್ಟಿಯಂತೆ ಇದು. ಪಟ್ಟಿಯಲ್ಲಿ ‘ಸಾರು’ ಎಂದು ಬರೆದಿದ್ದರೆ ಉಡುಪಿಯ ಭಟ್ಟರು ಮಾಡುವ ಸಾರೇ ಬೇರೆ, ಧಾರವಾಡದವರು ಮಾಡುವ ಸಾರೇ ಬೇರೆ. ಮಿಡಿಯಲ್ಲಿ ‘ಸಾರು’ ಎಂಬ ಹೆಸರು ಸಹ ಇಲ್ಲ. ಅಲ್ಲಿರುವುದು ನಂಬರು ಮಾತ್ರ.

ಈ ನಂಬರಿನ ವ್ಯವಹಾರಕ್ಕೆ ನಾಲ್ಕು ದಶಕಗಳ ಚರಿತ್ರೆಯಿದೆ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಪ್ರದರ್ಶನದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲಂಡ್‌ನ ಜೂಪಿಟರ್-6 ಎಂಬ ಎರಡು ಸಿಂಥಸೈಜರುಗಳನ್ನು ಒಂದೇ ಕೇಬಲಿನಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವುದನ್ನು ತೋರಿಸಿದರು. ಪೈಪೋಟಿಯಲ್ಲಿದ್ದ ಕಂಪನಿಗಳು ಮಿಡಿ ಎಂಬ ಒಂದು ಭಾಷೆಗೆ ಒಪ್ಪಿದ್ದೇ ದೊಡ್ಡ ಮಾತು. ಇದರ ಹಿಂದಿದ್ದ ಸೀಕ್ವೆನ್ಶಿಯಲ್‌ನ ಡೇವ್ ಸ್ಮಿತ್ ಮತ್ತು ರೋಲಂಡ್‌ನ ಇಕುತಾರೊ ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. ಆದರೆ ಆಗ ಆದ ಒಪ್ಪಂದ ಸ್ವರಗಳ ಮಟ್ಟಿಗೆ ಮಾತ್ರ. ಧ್ವನಿಯನ್ನು ಬದಲಿಸುವ ಪ್ರೋಗ್ರಾಮ್ ಚೇಂಜ್ ಎಂಬ ಸಂದೇಶದಲ್ಲಿ 0ಯಿಂದ 127ರವರೆಗಿನ ಒಂದು ಸಂಖ್ಯೆ ಇರಬೇಕೆಂದು ಹೇಳಿದರೇ ಹೊರತು, ಯಾವ ಸಂಖ್ಯೆಗೆ ಯಾವ ವಾದ್ಯ ಎಂದು ಯಾರೂ ಹೇಳಲಿಲ್ಲ. ಆ ಕೊರತೆಯನ್ನು ತುಂಬಲು 1991ರಲ್ಲಿ ಜನರಲ್ ಮಿಡಿ ಬಂತು: 128 ಧ್ವನಿಗಳ ಖಾಯಂ ಪಟ್ಟಿ, ತಾಳವಾದ್ಯಗಳಿಗೆ ಮೀಸಲಾದ ಹತ್ತನೇ ಚಾನೆಲ್, ಕನಿಷ್ಠ 24 ಸ್ವರಗಳು ಏಕಕಾಲಕ್ಕೆ ನುಡಿಯುವ ಶಕ್ತಿ. ಒಂದನೆಯದು ಪಿಯಾನೊ, 41 ಪಿಟೀಲು, 74 ಕೊಳಲು. ನಮ್ಮ ಕಡೆಯ ವಾದ್ಯಗಳ ಪೈಕಿ 105ರಲ್ಲಿ ಸಿತಾರ್, 112ರಲ್ಲಿ ಶಹನಾಯಿ ಇವೆ. ವೀಣೆ, ಸರೋದ್, ತಬಲಾ, ಮೃದಂಗ ಯಾವುದೂ ಇಲ್ಲ. ಬ್ಯಾಗ್‌ಪೈಪಿಗೆ ಸಿಕ್ಕ ಜಾಗ ವೀಣೆಗೆ ಸಿಗಲಿಲ್ಲವಲ್ಲ ಎಂಬ ಸಣ್ಣ ಮುನಿಸು ನನಗೆ ಇಂದಿಗೂ ಇದೆ.

ನನ್ನ ಮೊದಲ ತೊಂದರೆ ಈ ಪಟ್ಟಿಗೇ ಸಂಬಂಧಿಸಿದ್ದು. ಮನೆಯ ಸಾದಾ ಕೀಬೋರ್ಡು ಆನ್ ಆದ ಕೂಡಲೇ ಜನರಲ್ ಮಿಡಿ ಪಟ್ಟಿಯನ್ನೇ ಮುಂದಿಟ್ಟುಕೊಂಡು ಕೂರುತ್ತದೆ. ವರ್ಕ್‌ಸ್ಟೇಶನ್ ಹಾಗಲ್ಲ, ಅದಕ್ಕೆ ತನ್ನದೇ ಕಾರ್ಖಾನೆಯ ಧ್ವನಿಗಳ ಬ್ಯಾಂಕುಗಳು (ಗುಂಪುಗಳು) ಮೊದಲು, ಜನರಲ್ ಮಿಡಿಯ ಬ್ಯಾಂಕು ಮನೆಯ ಹಿಂಬಾಗಿಲಿನಲ್ಲಿ. ಫೈಲು 74 ಎಂದರೆ ಅದು ತನ್ನ ಮೊದಲ ಬ್ಯಾಂಕಿನ 74ನೆಯದನ್ನು ಎತ್ತಿಕೊಡುತ್ತದೆ, ಅದು ತುತ್ತೂರಿಯಾಗಿದ್ದರೆ ತುತ್ತೂರಿಯೇ ಸರಿ. ಹತ್ತನೇ ಚಾನೆಲ್ ಕೂಡ ಅದಕ್ಕೆ ವಿಶೇಷವಲ್ಲ, ಅಲ್ಲಿ ಪಿಯಾನೊ ಇಟ್ಟಿದ್ದರೆ ಢೋಲಕಿನ ಪೆಟ್ಟುಗಳೆಲ್ಲ ಪಿಯಾನೊದ ಮನೆಗಳ ಮೇಲೆ ಬೀಳುತ್ತವೆ. ಗ್ಲೋಬಲ್ ಎಂಬ ವಿಭಾಗದಲ್ಲಿ, ಮೂರು ಪುಟ ಒಳಗೆ, ಬ್ಯಾಂಕುಗಳ ಲೆಕ್ಕವನ್ನು ಕಂಪನಿಯ ಪ್ರಕಾರ ಇಡಬೇಕೋ ಜನರಲ್ ಮಿಡಿಯ ಪ್ರಕಾರ ಇಡಬೇಕೋ ಎಂದು ಕೇಳುವ ಒಂದು ಸಾಲಿದೆ. ಅದನ್ನು ಬದಲಿಸಿ ಫೈಲನ್ನು ಮತ್ತೆ ಲೋಡ್ ಮಾಡಿದೆ. ಕೊಳಲು ಕೊಳಲಾಯಿತು, ಬೇಸ್ ಬೇಸ್ ಆಯಿತು, ತಾಳ ತಾಳವಾಯಿತು. ಮ್ಯಾಂಡೊಲಿನ್ ಮಾತ್ರ ಮತ್ತೂ ಬರಲಿಲ್ಲ.

ಇಲ್ಲಿಂದ ಮುಂದೆ ಎರಡು ರಾತ್ರಿ ಹೋಯಿತು. ಐದನೇ ಟ್ರ್ಯಾಕೊಂದನ್ನೇ ಸೋಲೊ ಮಾಡಿ ವಾಲ್ಯೂಮ್ ಏರಿಸಿದರೆ, ದೂರದಲ್ಲಿ ಮಂಜು ಕವಿದಂತೆ ಏನೋ ಒಂದು ಬಂದು ಬಂದು ಮಾಯವಾಗುತ್ತಿತ್ತು. ಇವೆಂಟ್ ಲಿಸ್ಟ್ ತೆರೆದು ನೋಡಿದೆ. ಅಂಗೈಯಗಲದ ಪರದೆಯಲ್ಲಿ ಒಂದೊಂದು ಅಪ್ಪಣೆಯೂ ಒಂದೊಂದು ಸಾಲಾಗಿ ಕಾಣುವ ಪುಟವದು. ಸ್ವರಗಳೆಲ್ಲ ಇದ್ದವು. ಮ್ಯಾಂಡೊಲಿನ್ನಿನ ಆ ಗಿರಿಗಿರಿ ಮೀಟು ಹೇಗೆ ಬರೆಯಲ್ಪಡುತ್ತದೆಯೋ ಹಾಗೆಯೇ, ಒಂದೇ ಸ್ವರ ಒಂದರ ಹಿಂದೊಂದು ಹದಿನಾರು ಸಾಲು. ತೊಂದರೆಯಿದ್ದದ್ದು ಮೇಲ್ಗಡೆಯ ಎರಡು ಸಾಲಿನಲ್ಲಿ: ಕಂಟ್ರೋಲ್ 0, ಬೆಲೆ 16. ಅದರ ಕೆಳಗೆ ಪ್ರೋಗ್ರಾಮ್ 25.

ಪ್ರೋಗ್ರಾಮ್ 25 ಎಂದರೆ ಪಟ್ಟಿಯ 26ನೆಯದು, ಏಕೆಂದರೆ ಯಂತ್ರ ಸೊನ್ನೆಯಿಂದ ಎಣಿಸುತ್ತದೆ, ಕೈಪಿಡಿ ಒಂದರಿಂದ ಎಣಿಸುತ್ತದೆ. ಈ ಒಂದರ ವ್ಯತ್ಯಾಸ ಕೆಡಿಸಿದಷ್ಟು ಸಂಜೆಗಳನ್ನು ಮತ್ಯಾವುದೂ ಕೆಡಿಸಿರಲಾರದು. ಜನರಲ್ ಮಿಡಿಯಲ್ಲಿ 26 ಎಂದರೆ ಉಕ್ಕಿನ ತಂತಿಯ ಗಿಟಾರ್. ಮ್ಯಾಂಡೊಲಿನ್ ಆ ಪಟ್ಟಿಯಲ್ಲೇ ಇಲ್ಲ. ರೋಲಂಡ್‌ನವರು 128 ಧ್ವನಿಗಳು ಸಾಲವೆಂದು ಜಿಎಸ್ ಎಂಬ ತಮ್ಮದೇ ವಿಸ್ತರಣೆ ಮಾಡಿ, ಒಂದೊಂದು ಧ್ವನಿಯ ಹಿಂದೆ ಅದರ ಬಂಧುಬಳಗವನ್ನು ನಿಲ್ಲಿಸಿದರು. ಜಿಎಸ್‌ನಲ್ಲಿ 26ನೇ ಗಿಟಾರಿನ ಹಿಂದೆ 8ನೇ ಜಾಗದಲ್ಲಿ ಹನ್ನೆರಡು ತಂತಿಯ ಗಿಟಾರ್, 16ನೇ ಜಾಗದಲ್ಲಿ ಮ್ಯಾಂಡೊಲಿನ್. ಆ ಜಾಗದ ನಂಬರನ್ನು ಹೇಳುವುದು ಕಂಟ್ರೋಲ್ 0. 1994ರಲ್ಲಿ ಯಮಹಾದವರು ಎಕ್ಸ್‌ಜಿ ಎಂಬ ಇನ್ನೊಂದು ವಿಸ್ತರಣೆ ತಂದಾಗ ಅದೇ ಮ್ಯಾಂಡೊಲಿನ್ನನ್ನು ಅದೇ 26ರ ಹಿಂದೆಯೇ ಇಟ್ಟರು, ಆದರೆ 96ನೇ ಜಾಗದಲ್ಲಿ. ಅದನ್ನು ಹೇಳುವುದು ಕಂಟ್ರೋಲ್ 0 ಅಲ್ಲ, ಕಂಟ್ರೋಲ್ 32. 1999ರಲ್ಲಿ ಎಲ್ಲರೂ ಸೇರಿ ಜನರಲ್ ಮಿಡಿ 2 ಎಂದು ಮಾಡಿದಾಗ ಕಂಟ್ರೋಲ್ 0ಕ್ಕೆ 121, ಕಂಟ್ರೋಲ್ 32ಕ್ಕೆ 2 ಎಂದಾಯಿತು. ಹೀಗೆ ಒಂದೇ ಮ್ಯಾಂಡೊಲಿನ್ನಿಗೆ ಮೂರು ವಿಳಾಸ. ಬೀದಿ ಒಂದೇ, ಮನೆ ನಂಬರು ಮಾತ್ರ ಮೂವರು ಟಪಾಲಿನವರ ಪುಸ್ತಕದಲ್ಲಿ ಮೂರು ಬಗೆ.

ಗೊತ್ತಿಲ್ಲದ ವಿಳಾಸ ಬಂದಾಗ ಯಂತ್ರ ಏನು ಮಾಡಬೇಕು ಎಂಬುದರಲ್ಲೂ ಏಕರೂಪವಿಲ್ಲ. ಕೆಲವು ಯಂತ್ರಗಳು ‘ಆ ಬಂಧು ನನ್ನಲ್ಲಿಲ್ಲ, ಯಜಮಾನನನ್ನೇ ಕರೆಯುತ್ತೇನೆ’ ಎಂದು 26ರ ಮೂಲ ಗಿಟಾರನ್ನೇ ಕೊಡುತ್ತವೆ. ಇದು ಸಭ್ಯತನ. ನನ್ನದು ಅಪ್ಪಣೆಯನ್ನೇ ಪೂರ್ತಿ ತಳ್ಳಿಹಾಕಿ, ಐದನೇ ಟ್ರ್ಯಾಕಿನಲ್ಲಿ ಮೊದಲು ಏನಿತ್ತೋ ಅದನ್ನೇ ಉಳಿಸಿಕೊಂಡಿತ್ತು. ಹಿಂದಿನ ವಾರ ಭಜನೆಯೊಂದಕ್ಕೆಂದು ನಾನೇ ಇಟ್ಟಿದ್ದ ಪ್ಯಾಡ್ ಅದು: ಮನೆಯನ್ನು ಒತ್ತಿ ಒಂದೂವರೆ ಸೆಕೆಂಡಿನ ಮೇಲೆ ನಿಧಾನವಾಗಿ ಏಳುವ ಧ್ವನಿ. ಮ್ಯಾಂಡೊಲಿನ್ನಿನ ಒಂದೊಂದು ಮೀಟೂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು. ಪ್ಯಾಡ್ ಏಳುವ ಮೊದಲೇ ಸ್ವರ ಮುಗಿದಿರುತ್ತಿತ್ತು. ಮೌನಕ್ಕೆ ಕಾರಣ ಅದೇ. ಅದೃಷ್ಟಕ್ಕೆ ನನ್ನ ವರ್ಕ್‌ಸ್ಟೇಶನ್ ಜನರಲ್ ಮಿಡಿ 2ನ್ನು ಬಲ್ಲದು. ಕಂಟ್ರೋಲ್ 0ರ 16ನ್ನು 121 ಮಾಡಿ, ಕೆಳಗೆ ಕಂಟ್ರೋಲ್ 32, ಬೆಲೆ 2 ಎಂಬ ಹೊಸ ಸಾಲನ್ನು ಸೇರಿಸಿದೆ. ರಾತ್ರಿ ಒಂದೂಕಾಲಿಗೆ ಹೆಡ್‌ಫೋನಿನೊಳಗೆ ಮ್ಯಾಂಡೊಲಿನ್ ನುಡಿಯಿತು.

ಆ ಫೈಲಿನ ತಲೆಯಲ್ಲಿ ಹನ್ನೊಂದು ಬೈಟುಗಳ ಇನ್ನೊಂದು ಸಂದೇಶವೂ ಇತ್ತು. ಅದು ಜಿಎಸ್ ರೀಸೆಟ್, ಅಂದರೆ ‘ಎಲ್ಲವನ್ನೂ ಮೊದಲಿನಂತೆ ಮಾಡಿಕೊಂಡು ಜಿಎಸ್ ಕ್ರಮದಲ್ಲಿ ಕೂರು’ ಎಂಬ ಆಜ್ಞೆ. ಇಂಥ ಸಂದೇಶಗಳಲ್ಲಿ ಕಂಪನಿಯ ಗುರುತು ಸಂಖ್ಯೆ ಆರಂಭದಲ್ಲೇ ಇರುತ್ತದೆ. ಬೇರೆ ಕಂಪನಿಯ ಯಂತ್ರ ಅದನ್ನು ಓದಿ, ಇದು ತನಗೆ ಬಂದ ಕಾಗದವಲ್ಲವೆಂದು ಪಕ್ಕಕ್ಕಿಡುತ್ತದೆ. ನಾನು ಅದನ್ನು ತೆಗೆದು ಎಲ್ಲ ಕಂಪನಿಗೂ ಅನ್ವಯಿಸುವ ಜನರಲ್ ಮಿಡಿ ರೀಸೆಟ್ ಹಾಕಿದೆ. ಅಂಥ ರೀಸೆಟ್ಟಿನ ಬೆನ್ನಿಗೇ ಧ್ವನಿಗಳ ಅಪ್ಪಣೆ ಬಂದರೆ ಯಂತ್ರ ಇನ್ನೂ ತನ್ನ ಮನೆ ಗುಡಿಸುತ್ತಿರುತ್ತದೆ, ಒಂದೆರಡು ಅಪ್ಪಣೆ ಕೈತಪ್ಪುತ್ತವೆ. ಹಾಗಾಗಿ ಹಾಡಿನ ಮುಂದೆ ಒಂದು ಖಾಲಿ ಆವರ್ತ ಸೇರಿಸಿ, ಮೊದಲ ಮಾತ್ರೆಯಲ್ಲಿ ರೀಸೆಟ್, ಎರಡರಿಂದ ಮುಂದೆ ಚಾನೆಲಿಗೊಂದರಂತೆ ಬ್ಯಾಂಕು, ಧ್ವನಿ, ವಾಲ್ಯೂಮುಗಳನ್ನು ಹಂಚಿದೆ. ಹಾಡುವವರಿಗೆ ಈ ಆವರ್ತ ಕೇಳಿಸುವುದಿಲ್ಲ. ಅವರ ಪ್ರಕಾರ ನಾನು ಪ್ಲೇ ಒತ್ತಲು ತಡಮಾಡುತ್ತೇನೆ.

ಭಾನುವಾರ 13 ಕಿಲೋದ ಯಂತ್ರವನ್ನು ಲೋಕಲಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳಿಂದ ಸಾಧ್ಯವಾದಷ್ಟು ದೂರ ನಿಲ್ಲಿಸಿಕೊಂಡು ದಾದರಿನಲ್ಲಿಳಿದು, ಟ್ಯಾಕ್ಸಿಯಲ್ಲಿ ಮಾಟುಂಗಾದ ಸಭಾಂಗಣಕ್ಕೆ ತಾಲೀಮಿಗೆ ಹೋದೆ. ಹಾಡುವ ಅಕ್ಕ ಒಂದು ಸಾಲು ಹಾಡಿ ನಿಲ್ಲಿಸಿ, “ಇದು ಕರಿ ಎರಡು ಅಲ್ವಾ? ನಂಗೆ ಮೇಲಿನ ಪಂಚಮ ಎಟುಕೋದಿಲ್ಲ. ಕರಿ ಒಂದಕ್ಕೆ ಇಳಿಸಿ ಕೊಡ್ತೀರಾ?” ಎಂದರು. ಕರಿ ಎರಡೆಂದರೆ ಸಪ್ತಕದ ಎರಡನೇ ಕಪ್ಪು ಮನೆಯನ್ನು ಷಡ್ಜವಾಗಿಟ್ಟ ಶ್ರುತಿ. ಅಲ್ಲಿಂದ ಕರಿ ಒಂದಕ್ಕೆ ಎರಡು ಮನೆ. ಇದಕ್ಕೇನು ಮಹಾ ಎಂದು ಎಲ್ಲ ಟ್ರ್ಯಾಕುಗಳನ್ನೂ ಒಟ್ಟಿಗೆ ಆರಿಸಿ ಎರಡು ಮನೆ ಇಳಿಸಿ ಪ್ಲೇ ಒತ್ತಿದೆ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂತಾಯಿತು.

ತಾಳವಾದ್ಯದ ಚಾನೆಲಿನಲ್ಲಿ ಸ್ವರದ ನಂಬರೆಂದರೆ ಸ್ವರವಲ್ಲ, ವಾದ್ಯ. 36 ಬೇಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್. ಎಲ್ಲವನ್ನೂ ಎರಡು ಇಳಿಸಿದರೆ ಸ್ನೇರಿನ ಪೆಟ್ಟು ಬೇಸ್ ಡ್ರಮ್ಮಿಗೆ ಬೀಳುತ್ತದೆ. ಆವರ್ತಕ್ಕೆ ಎಂಟು ಸಲ ಮೆತ್ತಗೆ ಚಿಟಿಗುಡುತ್ತಿದ್ದ ಹೈ-ಹ್ಯಾಟು 40ಕ್ಕೆ, ಅಂದರೆ ಎಲೆಕ್ಟ್ರಿಕ್ ಸ್ನೇರಿಗೆ ಇಳಿದು ಎಂಟು ಸಲ ಗುಂಡು ಹಾರಿಸುತ್ತದೆ. ಬೇಸ್ ಡ್ರಮ್ ಮಾತ್ರ 34ಕ್ಕೆ ಜಾರಿ, ಜನರಲ್ ಮಿಡಿಯ ತಾಳಪಟ್ಟಿಯ ಕೆಳಗಿನ ಅಂಚನ್ನೇ ದಾಟಿ ಹೋಗುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಹತ್ತು ಜನರೆದುರು ಅವಸರದಲ್ಲಿ ಮಾಡಿದ ತಪ್ಪು. ನಮ್ಮ ತಬಲಾದ ಹಿರಿಯರು ಕಿವಿಯಿಂದ ಬೆರಳು ತೆಗೆದು, “ತಾಳಕ್ಕೂ ಶ್ರುತಿ ಇಳಿಸಿದಿರಾ ಮಾರಾಯ್ರೆ?” ಎಂದು ಕೇಳಿದರು. ಹತ್ತನೇ ಚಾನೆಲನ್ನು ಬಿಟ್ಟು ಉಳಿದದ್ದನ್ನಷ್ಟೇ ಇಳಿಸಿದ ಮೇಲೆ ಎಲ್ಲವೂ ಸರಿಯಾಯಿತು.

ಅಥವಾ ಸರಿಯಾಯಿತು ಎಂದುಕೊಂಡೆವು. ಎರಡನೇ ಚರಣವನ್ನು ಮತ್ತೆ ಹಾಡೋಣವೆಂದು ಅಲ್ಲಿಂದಲೇ ಶುರುಮಾಡಿದಾಗ ಕೊಳಲು ಬೇಸುರಾಯಿತು. ಪಂಚಮದಿಂದ ಮೇಲಿನ ಷಡ್ಜಕ್ಕೆ ಒಂದೇ ಉಸಿರಿನಲ್ಲಿ ಜಾರಬೇಕಾದ ಮೀಂಡು ಕೋಮಲ ಧೈವತವನ್ನೂ ಮುಟ್ಟದೆ ನಡುದಾರಿಯಲ್ಲಿ ಕುಸಿದು ಕೂತಿತು. ಹಾಡನ್ನು ಮೊದಲಿನಿಂದ ನುಡಿಸಿದರೆ ಅದೇ ಕೊಳಲು ಶುದ್ಧ. ಇಂಥ ಜಾರುವಿಕೆಗಳನ್ನು ಮಿಡಿಯಲ್ಲಿ ಪಿಚ್ ಬೆಂಡ್ ಸಂದೇಶಗಳಿಂದ ಬರೆಯುತ್ತಾರೆ. 0ಯಿಂದ 16383ರವರೆಗಿನ ಸಂಖ್ಯೆ ಅದು, ನಡುವಿನ 8192 ಎಂದರೆ ಸ್ವಸ್ಥಾನ. ಆದರೆ ಪೂರ್ತಿ ಬಾಗಿಸಿದರೆ ಎಷ್ಟು ಮನೆ ದಾಟಬೇಕು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಪ್ರತ್ಯೇಕವಾಗಿ, ಕಂಟ್ರೋಲ್ 101, 100 ಮತ್ತು 6 ಎಂಬ ಮೂರು ಸಾಲುಗಳಲ್ಲಿ ಮೊದಲೇ ತಿಳಿಸಿರಬೇಕು. ಏನೂ ತಿಳಿಸದಿದ್ದರೆ ಎರಡು ಮನೆ. ಗೆಳೆಯ ಹಾಡಿನ ಆರಂಭದಲ್ಲಿ 12 ಎಂದು ತಿಳಿಸಿದ್ದ. ನಾನು ನಡುವಿನಿಂದ ಶುರುಮಾಡಿದಾಗ ಯಂತ್ರ ಆ ಮೂರು ಸಾಲನ್ನು ಓದದೆ, ಎರಡು ಮನೆಯ ಲೆಕ್ಕದಲ್ಲೇ ಕೊಳಲನ್ನು ಬಾಗಿಸಿತ್ತು. ಐದು ಮನೆ ಜಾರಬೇಕಾದದ್ದು ಆ ಎರಡು ಮನೆಯ ಹನ್ನೆರಡರಲ್ಲಿ ಐದು ಪಾಲು, ಅಂದರೆ ಒಂದು ಮನೆಯೂ ತುಂಬದಷ್ಟು ಜಾರಿತು. ಪಾಶ್ಚಾತ್ಯ ಸಂಗೀತದ ಫೈಲುಗಳಲ್ಲಿ ಈ ದೋಷ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಮ್ಮ ಸಂಗೀತದಲ್ಲಿ ಗಮಕವೇ ಬೆನ್ನೆಲುಬಾದ್ದರಿಂದ ಮೊದಲ ಜಾರಿಕೆಯಲ್ಲೇ ಸಿಕ್ಕಿಬೀಳುತ್ತದೆ. ಈಗ ನಾನು ಪ್ರತಿ ಚರಣದ ಬಾಗಿಲಲ್ಲೂ ಆ ಮೂರು ಸಾಲನ್ನು ನಕಲು ಮಾಡಿ ಅಂಟಿಸುತ್ತೇನೆ.

ಢೋಲಕಿನದು ಇನ್ನೊಂದೇ ಕಥೆ. ಜನರಲ್ ಮಿಡಿಯ ತಾಳಪಟ್ಟಿಯಲ್ಲಿ 35ರಿಂದ 81ರವರೆಗೆ 47 ವಾದ್ಯಗಳಿವೆ. ಬೊಂಗೊ, ಕಾಂಗಾ, ಟಿಂಬಾಲೆ, ಕಬಾಸಾ ಎಂದು ಲ್ಯಾಟಿನ್ ಅಮೆರಿಕದ ಅರ್ಧ ಸಂತೆಯೇ ಅದರಲ್ಲಿದೆ. ನಮ್ಮದೊಂದೂ ಇಲ್ಲ. ಆ ಕಾಲದಲ್ಲಿ ಫೈಲು ಮಾಡುತ್ತಿದ್ದ ಗೆಳೆಯನಂಥವರು ಬೊಂಗೊದ 60, 61 ಮತ್ತು ಕಾಂಗಾದ 62ರಿಂದ 64ನ್ನೇ ಢೋಲಕ್ ಎಂದು ಭಾವಿಸಿ ಬಾರಿಸುತ್ತಿದ್ದರು, ಕೇಳುವವರೂ ಭಾವಿಸಿಕೊಳ್ಳುತ್ತಿದ್ದರು. ನನ್ನ ಯಂತ್ರದ ಒಂದು ಡ್ರಮ್ ಕಿಟ್ಟಿನಲ್ಲಿ ತಬಲಾ ಇದೆ, ಆದರೆ ಅದರ ಬೋಲುಗಳು (ಪೆಟ್ಟಿನ ಬಗೆಗಳು) ಯಾವ ಯಾವ ಮನೆಯಲ್ಲಿವೆ ಎಂಬುದು ಆ ಯಂತ್ರದ ಖಾಸಗಿ ವಿಷಯ. ಒಂದು ಸಂಜೆ ಕೂತು ‘ನಾ’ ಎಲ್ಲಿ, ‘ತಿನ್’ ಎಲ್ಲಿ, ‘ಗೆ’ ಎಲ್ಲಿ ಎಂದು ಒಂದೊಂದೇ ಮನೆ ಒತ್ತಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೊಂಗೊದ ಸಾಲುಗಳನ್ನು ಬೇರೆ ಟ್ರ್ಯಾಕಿಗೆ ಎತ್ತಿ, ಒಂದೊಂದು ನಂಬರನ್ನೂ ಅದಕ್ಕೊಪ್ಪುವ ಬೋಲಿಗೆ ಬದಲಿಸಿದೆ. ಬೊಂಗೊದ ಒಂದು ಪೆಟ್ಟಿದ್ದ ಕಡೆ ‘ಧಾ’ ಬೇಕೆನಿಸಿದರೆ ‘ನಾ’ ಮತ್ತು ‘ಗೆ’ ಎರಡೂ ಸಾಲು ಬೇಕು. ಇಷ್ಟೆಲ್ಲ ಮಾಡಿದ ಮೇಲೆ ಆ ಟ್ರ್ಯಾಕು ನನ್ನ ಯಂತ್ರವನ್ನು ಬಿಟ್ಟು ಬೇರೆಲ್ಲೂ ತಬಲಾ ಆಗಿ ನುಡಿಯುವುದಿಲ್ಲ ಎಂಬುದು ಗೊತ್ತಿದ್ದೇ ಮಾಡಿದ್ದು. ಜನರಲ್ ಮಿಡಿಗೆ ನಿಷ್ಠನಾಗಿ ಬೊಂಗೊ ಕೇಳುವುದಕ್ಕಿಂತ ನಿಷ್ಠೆ ತಪ್ಪಿ ತಬಲಾ ಕೇಳುವುದು ಮೇಲು.

ಉಳಿದ ರಿಪೇರಿಗಳು ಸಣ್ಣವು. ಜನರಲ್ ಮಿಡಿಯ ತಂತಿವಾದ್ಯಗಳ ಬದಲು ಕಾರ್ಖಾನೆಯ ದೊಡ್ಡ ಧ್ವನಿಯನ್ನಿಟ್ಟರೆ ಒಂದೊಂದು ಸ್ವರಕ್ಕೂ ಎರಡೆರಡು ಆಸಿಲೇಟರು (ಯಂತ್ರದಲ್ಲಿ ಎಣಿಕೆಯಷ್ಟೇ ಇರುವ, ಧ್ವನಿ ಹುಟ್ಟಿಸುವ ಘಟಕ) ಖರ್ಚಾಗಿ, ಹಾಡು ತುಂಬಿಬಂದಾಗ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿ ಹೋಗುತ್ತಿದ್ದವು. ಒಂದು ಪದರ ತೆಗೆದೆ. ರಿವರ್ಬಿನ (ಅನುರಣನದ) ಪ್ರಮಾಣವನ್ನು ಫೈಲು ಕಂಟ್ರೋಲ್ 91ರಲ್ಲಿ ಹೇಳುತ್ತದೆಯಾದರೂ ಅದು ಯಾವ ಬಗೆಯ ರಿವರ್ಬ್ ಎಂಬುದು ಯಂತ್ರದ ಮರ್ಜಿ, ಅದನ್ನೂ ತಗ್ಗಿಸಿದೆ. ಕೊನೆಗೆ ಹಾಡನ್ನು ಎರಡು ಬಗೆಯಲ್ಲಿ ಸೇವ್ ಮಾಡಿದೆ: ಎಫೆಕ್ಟುಗಳ ಸಮೇತ ಎಲ್ಲವೂ ಉಳಿಯುವ ಯಂತ್ರದ ಸ್ವಂತ ರೂಪದಲ್ಲೊಂದು, ಎಲ್ಲರೂ ಓದಬಲ್ಲ ಮಿಡಿ ರೂಪದಲ್ಲೊಂದು. ಎರಡನೆಯದನ್ನು ಸೇವ್ ಮಾಡುವಾಗ ಫಾರ್ಮ್ಯಾಟ್ 0 ಬೇಕೋ 1 ಬೇಕೋ ಎಂದು ಯಂತ್ರ ಕೇಳುತ್ತದೆ. ಸೊನ್ನೆಯಲ್ಲಿ ಎಲ್ಲ ಚಾನೆಲೂ ಒಂದೇ ಟ್ರ್ಯಾಕಿನಲ್ಲಿ ಹೆಣೆದುಕೊಂಡಿರುತ್ತವೆ, ಒಂದರಲ್ಲಿ ಬಿಡಿಬಿಡಿಯಾಗಿರುತ್ತವೆ. ತಿದ್ದಲು ಫಾರ್ಮ್ಯಾಟ್ 1 ಸುಲಭ. ಆದರೆ ಹಳೆಯ ಸಾದಾ ಪ್ಲೇಯರುಗಳಲ್ಲಿ ಕೆಲವು ಸೊನ್ನೆಯನ್ನು ಮಾತ್ರ ಓದುತ್ತವಾದ್ದರಿಂದ ಬೇರೆಯವರಿಗೆ ಕೊಡುವ ಪ್ರತಿಗೆ ನಾನು ಸೊನ್ನೆಯನ್ನೇ ಆರಿಸುತ್ತೇನೆ.

ಕಾರ್ಯಕ್ರಮದ ದಿನ ತಬಲಾದ ಹಿರಿಯರು ವೇದಿಕೆಯ ಮೇಲಿದ್ದರು, ಹಾಗಾಗಿ ನಾನು ಸಂಜೆಯೊಂದನ್ನು ಸುರಿದು ಮಾಡಿದ್ದ ತಬಲಾ ಟ್ರ್ಯಾಕನ್ನು ಮ್ಯೂಟ್ ಮಾಡಬೇಕಾಯಿತು. ಅವರ ಎಡಗೈಯ ‘ಗೆ’ ಎದ್ದು ಬಂದಾಗ ನನಗೆ ಅದರ ಬಗ್ಗೆ ಬೇಸರವೇನೂ ಉಳಿಯಲಿಲ್ಲ. ಮ್ಯಾಂಡೊಲಿನ್ ತನ್ನ ಜಾಗದಲ್ಲಿ ಬಂತು, ಅಕ್ಕ ಕರಿ ಒಂದರಲ್ಲಿ ಮೇಲಿನ ಪಂಚಮವನ್ನು ಸಲೀಸಾಗಿ ಮುಟ್ಟಿ ನಿಂತರು.

ಮಾರನೆಯ ದಿನ ಕೃತಜ್ಞತೆಯ ಮಾತಿನೊಡನೆ ತಿದ್ದಿದ ಮಿಡಿ ಫೈಲನ್ನು ಹುಬ್ಬಳ್ಳಿಗೆ ಕಳುಹಿಸಿದೆ. ಗೆಳೆಯ ಅದನ್ನು ತನ್ನ ಹಳೆಯ ಸೌಂಡ್ ಕ್ಯಾನ್ವಾಸಿನಲ್ಲಿ ಹಾಕಿ ಕೇಳಿ ರಾತ್ರಿ ಫೋನ್ ಮಾಡಿದ.

“ಎಲ್ಲಾ ಚಂದ ಮಾಡೀ. ಆದರ ನನ್ನ ಮ್ಯಾಂಡೊಲಿನ್ ಎಲ್ಲಿ ಕಳದೀಲೇ?”

ನಾನು ಐದನೇ ಟ್ರ್ಯಾಕನ್ನು ತೆರೆದು, 121ರ ಜಾಗದಲ್ಲಿ 16ನ್ನು ಮತ್ತೆ ಬರೆದು, ಕೆಳಗಿನ 2ನ್ನು ಸೊನ್ನೆ ಮಾಡಿ, ಫೈಲಿನ ತಲೆಯಲ್ಲಿ ಜಿಎಸ್ ರೀಸೆಟ್ಟನ್ನೂ ವಾಪಸಿಟ್ಟು, ಅವನಿಗೊಂದು ಪ್ರತಿ ಬೇರೆ ಕಳುಹಿಸಿದೆ.